ಅಟ್ಟದ ಮೇಲೆ ಚನ್ನಗಿರಿ ಜಂಕ್ಷನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೆ ದೇವರು ಒಂದೊಂದನ್ನು ಕೊಟ್ಟಿದ್ದಾನೆ: ಒಂದಕ್ಕೆ ಅಡಿಕೆ, ಒಂದಕ್ಕೆ ಹೊಳೆ, ಒಂದಕ್ಕೆ ಗುಡ್ಡ, ಒಂದಕ್ಕೆ ಬರ. ರೈಲನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಚನ್ನಗಿರಿಯವರು ಭದ್ರಾವತಿಗೋ ಚಿಕ್ಕಜಾಜೂರಿಗೋ ಹೋಗಬೇಕು, ಹೊನ್ನಾಳಿಯವರು ಹರಿಹರಕ್ಕೆ, ನ್ಯಾಮತಿಯವರು ಶಿವಮೊಗ್ಗಕ್ಕೆ, ಜಗಳೂರಿನವರು ದಾವಣಗೆರೆಗೆ. ರೈಲು ಹತ್ತಲು ಮೊದಲು ಬಸ್ಸು ಹತ್ತಬೇಕು. ಬಸ್ಸು ಹತ್ತಿ ಸೀಟು ಸಿಕ್ಕಿತೆಂದರೆ, ಇದರಲ್ಲೇ ಬೆಂಗಳೂರಿಗೆ ಹೋಗಿಬಿಟ್ಟರಾಯಿತಲ್ಲ ಅನ್ನಿಸುತ್ತದೆ. ಶಿವಮೊಗ್ಗ–ಹರಿಹರ ರೈಲುಮಾರ್ಗದ ಮಾತು ಹೊನ್ನಾಳಿಯ ಹೋಟೆಲುಗಳಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಶುರು ಮಾಡಿದವರ ಮೊಮ್ಮಕ್ಕಳು ಈಗ ಅದೇ ಬೆಂಚಿನಲ್ಲಿ ಕೂತು ಮುಂದುವರಿಸುತ್ತಿದ್ದಾರೆ.

ನಮ್ಮ ಮನೆಯ ಅಟ್ಟದ ಮೇಲೆ ಮಾತ್ರ ನಾಲ್ಕೂ ಊರಿಗೆ ರೈಲು ಬಂದಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಸುತ್ತು ಹಳಿ, ಒಂದು ಲೂಪ್ ಲೈನು, ನಾಲ್ಕು ಸ್ಟೇಷನ್ನು. ಭೂಗೋಳದ ಮೇಷ್ಟರು ಯಾರಾದರೂ ಮೇಲೆ ಹತ್ತಿ ಬಂದರೆ ಕಷ್ಟ. ಹೊನ್ನಾಳಿಗೂ ಜಗಳೂರಿಗೂ ನಡುವೆ ನಿಜದಲ್ಲಿ ಇಡೀ ದಾವಣಗೆರೆ ಕೂತಿದೆ, ನಮ್ಮಲ್ಲಿ ಎರಡೂವರೆ ಅಡಿ. ಇಷ್ಟರ ಮಧ್ಯೆ ಸೂಳೆಕೆರೆಗೆ ಒಂದು ಸಾಸರಿನಷ್ಟು ಜಾಗ ಬಿಟ್ಟು, ನೀಲಿ ಬಳಿದು, ಮೇಲೆ ವಾರ್ನಿಷ್ ಹುಯ್ದಿದ್ದೇನೆ. ಅಡಿಕೆ ತೋಟ ಕಡ್ಡಿಪೊರಕೆಯದು. ಹದಿನೈದು ಮೀಟರಿನ ಅಡಿಕೆಮರ ನನ್ನ ಅಳತೆಯಲ್ಲಿ ಹದಿನೇಳು ಸೆಂಟಿಮೀಟರ್ ಆಗುತ್ತದೆ. ತೋಟ ವಿಸ್ತಾರವಾದಷ್ಟೂ ಪೊರಕೆ ತೆಳ್ಳಗಾಗುತ್ತದೆ ಎಂಬುದು ಮನೆಯಾಕೆಯ ತಕರಾರು.

ಅಳತೆ ಅಂದರೆ ಎಚ್‌ಒ, 87ಕ್ಕೆ 1. ಈ ಚಟ ಹಿಡಿದವನು ಕಂಡದ್ದನ್ನೆಲ್ಲ 87ರಿಂದ ಭಾಗಿಸುತ್ತಾನೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ಭಾಗಿಸಿದರೆ ಹದಿನೇಳು ಮೀಟರ್ ಚಿಲ್ಲರೆ. ನಮ್ಮ ಜಗಲಿಯಿಂದ ಹೊರಟು, ಹಿತ್ತಿಲು ದಾಟಿ, ಪಕ್ಕದವರ ದನದ ಕೊಟ್ಟಿಗೆಯಲ್ಲಿ ಮುಗಿಯುತ್ತದೆ. ತಿರುವಿನದು ಇನ್ನೂ ಫಜೀತಿ. ನಮ್ಮ ಬ್ರಾಡ್‌ಗೇಜಿನಲ್ಲಿ ಎಷ್ಟೇ ಬಿಗಿಯಾಗಿ ತಿರುಗಿಸಿದರೂ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಆಗಬಾರದು. ಅದನ್ನು ಅಟ್ಟಕ್ಕೆ ತಂದರೆ ಎರಡು ಮೀಟರ್ ತ್ರಿಜ್ಯ. ಅಂದರೆ ರೈಲು ಒಮ್ಮೆ ಹಿಂತಿರುಗಲು ನಾಲ್ಕು ಮೀಟರ್ ಅಗಲದ ಹಲಗೆ ಬೇಕು. ಪೆಟ್ಟಿಗೆಯಲ್ಲಿ ಸಿಗುವ ಹಳಿಯ ತ್ರಿಜ್ಯ ಬರೀ ಹದಿನೆಂಟು ಇಂಚು. ಯಾವ ರೈಲ್ವೆ ಸುರಕ್ಷತಾ ಆಯುಕ್ತರೂ ಒಪ್ಪದ ಈ ತಿರುವಿನಲ್ಲಿ ನನ್ನ ಗಾಡಿ ದಿನಾ ತಿರುಗುತ್ತದೆ. ಹಳಿಗಳ ನಡುವಿನ ಅಂತರವೂ ಸುಳ್ಳೇ. 16.5 ಮಿಲಿಮೀಟರ್ ಅಂದರೆ ಯೂರೋಪಿನ 1,435 ಮಿಲಿಮೀಟರಿನ ಹಳಿ. ನಮ್ಮ 1,676ಕ್ಕೆ ಹತ್ತೊಂಬತ್ತು ಮಿಲಿಮೀಟರ್ ಇರಬೇಕಿತ್ತು. ದಾವಣಗೆರೆ ಲೈನು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬಂದದ್ದು 1990ರ ದಶಕದಲ್ಲಿ. ನಮ್ಮ ಅಟ್ಟ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ.

ಗೇಜು ಬಿಟ್ಟರೂ ಸುಧಾರಣೆ ಬಿಡಲಿಲ್ಲ. ಅದನ್ನು ತಂದವನು ಅಕ್ಕನ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಹಬ್ಬಕ್ಕೆ ಬಂದವನು ಅಟ್ಟ ಹತ್ತಿ, ಗಾಡಿ ಎರಡು ಸುತ್ತು ಹೊಡೆಯುವುದನ್ನು ನೋಡಿ, "ಮಾವ, ಇದಿನ್ನೂ ಡಿಸಿನಾ?" ಅಂದ. ಮನೆಗೆ ಬಂದ ಬೀಗರು ಗೋಡೆಯ ಸುಣ್ಣ ನೋಡಿ ಕೇಳುವ ಧಾಟಿ ಅದು.

ಹಳೇ ಪದ್ಧತಿ ಸರಳ. ಹಳಿಗೆ 12 ವೋಲ್ಟಿನವರೆಗೆ ಕರೆಂಟು ಬಿಡುವುದು. ಗುಂಡಿ ತಿರುಗಿಸಿದಷ್ಟು ವೇಗ, ಕರೆಂಟಿನ ದಿಕ್ಕು ಬದಲಿಸಿದರೆ ಗಾಡಿ ಹಿಂದಕ್ಕೆ. ತೊಂದರೆ ಒಂದೇ: ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಹೊಸ ಪದ್ಧತಿಯಾದ ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟು, ಆ ಕರೆಂಟಿನೊಳಗೇ ಆಜ್ಞೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಉಗುರಿನಷ್ಟು ಚಿಪ್ಪು ಕೂತು, ತನ್ನ ನಂಬರು ಕರೆದಾಗಷ್ಟೇ ಓಗೊಡುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಎಲ್ಲ ಡಿಕೋಡರಿನ ನಂಬರೂ 3. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಬಸವರಾಜಣ್ಣಾ" ಎಂದು ಕೂಗಿದ ಹಾಗೆ, ಒಂದು ಕರೆಗೆ ಅಷ್ಟೂ ಎಂಜಿನ್ನು ತಿರುಗಿ ನೋಡುತ್ತವೆ. ಒಂದೊಂದನ್ನೇ ಬೇರೆ ಹಳಿಯ ಮೇಲಿಟ್ಟು ಹೊಸ ನಾಮಕರಣ ಮಾಡಬೇಕು.

ಅದಕ್ಕೂ ಮೊದಲು ಶಸ್ತ್ರಚಿಕಿತ್ಸೆ. ಹಳೇ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ಬ್ರಷ್ಷು ನೇರ ಚಾಸಿಗೆ ತಾಗಿಕೊಂಡಿರುತ್ತದೆ. ಅದನ್ನು ಬಿಡಿಸದೆ ಡಿಕೋಡರ್ ಜೋಡಿಸಿದರೆ ಸಣ್ಣದೊಂದು ಹೊಗೆ, ಅಲ್ಲಿಗೆ ಸುಧಾರಣೆ ಮುಗಿಯಿತು. ವೈರುಗಳಿಗೆ ಬಣ್ಣದ ಕಟ್ಟಳೆ ಇದೆ: ಕೆಂಪು ಕಪ್ಪು ಹಳಿಯಿಂದ, ಕಿತ್ತಳೆ ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ, ನೀಲಿ ದೀಪಗಳಿಗೆಲ್ಲ ಪಂಚಾಯ್ತಿ. ಅಳಿಯ ಓದುತ್ತಾ ಹೋದ, ನಾನು ಸೋಲ್ಡರ್ ಹಿಡಿದೆ, ಅಕ್ಕ ಕೆಳಗಿನಿಂದ "ಊಟಕ್ಕೆ ಇಳೀತೀರೋ ಇಲ್ವೋ" ಎಂದು ಮೂರನೇ ಸಲ ಕೂಗಿದಳು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ನಿಧಾನ. ಹೌದು, ಇಷ್ಟು ಖರ್ಚು ಮಾಡುವುದು ಗಾಡಿ ನಿಧಾನವಾಗಿ ಓಡಲಿ ಎಂದು! ಗಂಟೆಗೆ 30 ಕಿಲೋಮೀಟರಿನ ಪ್ಯಾಸೆಂಜರ್ ಗಾಡಿ 87ರ ಲೆಕ್ಕದಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರೂ ಸರಿಯಬಾರದು. ಹಳೇ ಗುಂಡಿಯಲ್ಲಿ ಅಷ್ಟು ಕಡಿಮೆಗೆ ತಂದರೆ ಎಂಜಿನ್ ಗಕ್ಕನೆ ನಿಂತುಬಿಡುತ್ತಿತ್ತು. ಈಗ ಹೊಳೆಯ ಸೇತುವೆ ದಾಟಿ ಹೊನ್ನಾಳಿ ಪ್ಲಾಟ್‌ಫಾರ್ಮಿಗೆ ಮೆಲ್ಲಗೆ ತೆವಳಿ ಬರುವಾಗ, ಯಾರೋ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಷ್ಟು ವ್ಯವಧಾನವಿರುತ್ತದೆ.

ಶತ್ರು ಎಂದರೆ ಧೂಳು. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವವರು, ಬೇಯಿಸುವವರು, ಒಣಗಿಸುವವರು. ಎಲ್ಲರ ಅಂಗಳದ ಧೂಳೂ ನಮ್ಮ ಅಟ್ಟಕ್ಕೆ ಬಂದು ಹಳಿಯ ಮೇಲೆ ಕೂರುತ್ತದೆ. ಹಳಿಗೂ ಚಕ್ರಕ್ಕೂ ಸಂಪರ್ಕ ತಪ್ಪಿತೋ, ಡಿಕೋಡರಿಗೆ ಆಜ್ಞೆ ಕೇಳುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿಬಟ್ಟೆಯಲ್ಲಿ ಒರೆಸುವುದು, ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ್ದು ಹಾಕುವುದು; ಇದಕ್ಕಿಂತ ದೊಡ್ಡ ಸುಧಾರಣೆ ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಳಿಯ ಒಪ್ಪುವುದಿಲ್ಲ. ಅವನು ಫೋನಿನಲ್ಲಿ ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲ್ಯಾಂಡ್ ತೋರಿಸುತ್ತಾನೆ. ನಾನು ಪುಣೆಯ ಕೋಥ್ರೂಡಿನಲ್ಲಿ 1998ರಿಂದ ಇರುವ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ ನೋಡಿ ಬಾ ಎನ್ನುತ್ತೇನೆ. ಒಂದು ರಾತ್ರಿಯ ಪ್ರಯಾಣದಲ್ಲಿ ಮುಗಿಯುವುದನ್ನು ಬಿಟ್ಟು ಜರ್ಮನಿಯ ಕನಸು ಯಾಕೆ?

ವಿಸ್ತರಣೆಯ ಯೋಜನೆಯೂ ಒಂದಿದೆ. ಹಲಗೆಯಿಂದ ಒಂದು ಕವಲು ತೆಗೆದು, ಹಪ್ಪಳ ಸಂಡಿಗೆ ಡಬ್ಬಗಳ ಮೂಲೆಯ ಮೂಲಕ ತೀರ್ಥರಾಮೇಶ್ವರದ ಗುಡ್ಡದವರೆಗೆ ಲೈನು ಎಳೆಯುವುದು. ಸರ್ವೆ ಆಗಿದೆ, ನಕ್ಷೆಯಿದೆ, ಅಂದಾಜು ವೆಚ್ಚದ ಚೀಟಿ ಗೋಡೆಗೆ ಅಂಟಿದೆ. ಭೂಸ್ವಾಧೀನಕ್ಕೆ ಮಾತ್ರ ಮನೆಯಾಕೆಯ ಆಕ್ಷೇಪಣೆ ಬಂದಿದೆ: "ರೀ, ಆ ಡಬ್ಬ ಒಂದು ಗೇಣು ಸರಿಸಿದ್ರೂ ನಿಮ್ಮ ರೈಲಿಗೆ ಕರೆಂಟಿಲ್ಲ ನೋಡಿ." ರೈಲ್ವೆ ಮಂತ್ರಿಗಳ ಕಷ್ಟ ನನಗೆ ಸ್ವಲ್ಪ ಅರ್ಥವಾಗತೊಡಗಿದ್ದು ಆಮೇಲೆಯೇ.

ಅಟ್ಟದಲ್ಲಿ ಲೈನು ಹಾಕಲು ಹೊರಟವರಿಗೆ ಒಂದು ಮಾತು. ಒಂದೇ ಎಂಜಿನ್ ಇದ್ದರೆ ಡಿಸಿಸಿಗೆ ಹೋಗಬೇಡಿ. ಎರಡನೆಯದು ಮನೆಗೆ ಬಂದ ದಿನ ಯಾರು ಬೇಡವೆಂದರೂ ಹೋಗುತ್ತೀರಿ; ಆಗ ಸೋಲ್ಡರ್ ಮುಟ್ಟುವ ಮುಂಚೆ ಮಲ್ಟಿಮೀಟರ್ ಹಿಡಿದು, ಮೋಟಾರಿನ ಬ್ರಷ್ಷು ಚಾಸಿಗೆ ತಾಗುತ್ತಿದೆಯೇ ನೋಡಿಕೊಳ್ಳಿ.