ಯಾರ ಮನೆಯ ಹಿರಿಯರೋ!

ಗಿಳಿ ಸಾಕಿದವರನ್ನು ರಸಿಕರೆನ್ನುತ್ತಾರೆ, ಪಾರಿವಾಳ ಸಾಕಿದವರನ್ನು ಶೋಕಿಲಾಲರೆನ್ನುತ್ತಾರೆ. ಕಾಗೆ ಸಾಕಿದವರನ್ನು ಏನೆನ್ನಬೇಕೆಂದು ಶಿಕಾರಿಪುರದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಮನೆಯ ಮುಂದೆ ಹಾದುಹೋಗುವವರು "ಮನೇಲಿ ಎಲ್ಲಾ ಆರಾಮಾ?" ಎಂದು ಕೇಳುವ ಧಾಟಿ ಮಾತ್ರ ಆ ವರ್ಷ ಬದಲಾಯಿತು. ಮೊದಲು ಅದು ಕುಶಲಪ್ರಶ್ನೆಯಾಗಿತ್ತು, ಆಮೇಲೆ ವಿಚಾರಣೆಯಾಯಿತು.

ಕಾಗೆ ತಂದವನು ಅಣ್ಣನ ಮಗ. ಈಗ ಕಾಲೇಜಿಗೆ ಹೋಗುತ್ತಾನೆ, ಆಗ ಚಡ್ಡಿ ಹಾಕುತ್ತಿದ್ದ. ಮುಂಗಾರು ಹಿಡಿಯುವ ಮುಂಚಿನ ಗಾಳಿಮಳೆಗೆ ಹಿತ್ತಲ ಮರದಿಂದ ಗೂಡಿನ ಸಮೇತ ಬಿದ್ದ ಮರಿ. ಗೂಡಿನಲ್ಲಿ ಕಡ್ಡಿಗಿಂತ ಕಬ್ಬಿಣವೇ ಹೆಚ್ಚಿತ್ತು. ಎದುರುಮನೆಯವರು ತಾರಸಿ ಹಾಕಲು ತಂದಿಟ್ಟಿದ್ದ ತಂತಿಯೆಲ್ಲ ಯಾರ ಪಾಲಾಗುತ್ತಿದೆ ಎಂದು ಮೇಸ್ತ್ರಿಗೂ ಮಾಲೀಕರಿಗೂ ಆಗುತ್ತಿದ್ದ ಜಗಳ ಅಂದು ಬಗೆಹರಿಯಿತು. ಮರದ ಕೊಂಬೆ ಮುರಿದಿತ್ತು, ಗೂಡು ಮಾತ್ರ ಕದಲಿರಲಿಲ್ಲ.

ಹುಡುಗ ಪಂಜರ ಬೇಕೆಂದು ಹಟ ಹಿಡಿದ. ಅಡ್ಡ ಬಂದವರು ಅಜ್ಜಿ.

"ಏ ತಮ್ಮಾ, ಪಂಜರ ಗಿಂಜರ ಅಂದೀಯಾ ಜೋಕೆ. ಯಾರ ಮನೆ ಹಿರಿಯರೋ ಏನೋ! ನಾಳೆ ಅವರ ಕಡೆಯೋರು ಬಂದು ಕೇಳಿದ್ರೆ ಏನು ಹೇಳ್ತೀಯ?"

"ಇದು ಈಗಷ್ಟೇ ಹುಟ್ಟಿದ ಮರಿ ಅಜ್ಜಿ. ಹಿರಿಯರು ಹೆಂಗಾಗ್ತಾರೆ?"

"ಈಗಷ್ಟೇ ಸತ್ತಿರ್ತಾರೆ."

ತರ್ಕ ಅಲ್ಲಿಗೆ ಮುಗಿಯಿತು. ಪಂಜರದ ಬದಲು ಅಡಿಕೆ ಬುಟ್ಟಿ ಬಂತು, ಮರಿಯನ್ನು ಎಲ್ಲರೂ ಬಹುವಚನದಲ್ಲಿ ಮಾತಾಡಿಸತೊಡಗಿದರು. "ಅವರಿಗೆ ಅನ್ನ ಹಾಕಿದ್ಯಾ?" ಎಂದು ಅಜ್ಜಿ ಕೇಳಿದರೆ ಅಪ್ಪನನ್ನು ಕುರಿತೋ ಕಾಗೆಯನ್ನು ಕುರಿತೋ ಗೊತ್ತಾಗದೆ ಅಮ್ಮ ಎರಡು ತಟ್ಟೆಗೂ ಬಡಿಸುತ್ತಿದ್ದರು.

ಸಾಕುವುದು ನಾವಾದರೂ ಉಸ್ತುವಾರಿ ಅದರ ತಂದೆತಾಯಿಯದೇ. ಅವೆರಡೂ ಬೆಳಿಗ್ಗೆಯಿಂದ ಸಂಜೆಯವರೆಗೆ ಹಂಚಿನ ಮೇಲೆ ಕೂತು ನಮ್ಮ ಕೆಲಸಕ್ಕೆ ಅಂಕ ಕೊಡುತ್ತಿದ್ದವು. ಅಂಕ ಕಡಿಮೆಯಾದ ದಿನ ಬಟ್ಟೆ ಒಣಗಿಸಲು ಹೋದವರ ನೆತ್ತಿಗೆ ಏಟು. ಮರಿಗೆ ರೆಕ್ಕೆ ಬಲಿಯುತ್ತಲೇ ಕಾಗೆಯ ಕುಲಬುದ್ಧಿಯೂ ಬಲಿಯಿತು. ಉಂಡು ಮಿಕ್ಕಿದ್ದನ್ನು ಅಡಗಿಸಿಡುವುದು ಕಾಗೆಗಳ ಪದ್ಧತಿ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆಯಾದ ಜಾಗ ಅಪ್ಪನ ಬೂಟು. ಬೇಯಿಸಿದ ಮೊಟ್ಟೆಯ ಚೂರನ್ನು ಬೂಟಿನೊಳಗಿಟ್ಟು, ಮೇಲೊಂದು ಒಣಗೆಲೆ ಮುಚ್ಚಿ, ಯಾರೂ ನೋಡಲಿಲ್ಲವಷ್ಟೇ ಎಂದು ಸುತ್ತ ಕಣ್ಣಾಡಿಸಿ ಹೋಗುತ್ತಿತ್ತು. ಅಪ್ಪ ಮದುವೆಗೆಂದು ಬೂಟು ಹಾಕಿದ ದಿನ ಆಡಿದ ಮಾತುಗಳನ್ನು ಹಿರಿಯರ ಎದುರು ಆಡಬಾರದಿತ್ತು.

ಹಾರಲು ಕಲಿತು ಹೋಯಿತು. ಹೋದದ್ದು ತಿಂಡಿಯ ಹೊತ್ತಿಗೆ ಬರುತ್ತಿತ್ತು, ಬಂಧುಗಳ ಜೊತೆ. ಸಿಕ್ಕಿದ್ದನ್ನು ಒಬ್ಬನೇ ತಿನ್ನದೆ ಬಳಗ ಕರೆಯುವ ಕಾಗೆಯನ್ನು ಬಸವಣ್ಣನವರು ವಚನದಲ್ಲಿ ಭಕ್ತರಿಗೆ ಮಾದರಿಯಾಗಿ ತೋರಿಸಿದ್ದಾರೆ. ಆ ಬಳಗಕ್ಕೆ ದೋಸೆ ಹುಯ್ದವರು ನಮ್ಮಮ್ಮ. ಅವರ ಅಭಿಪ್ರಾಯ ಬೇರೆ ಇದೆ.

ಅಮ್ಮನ ತವರು ಸೊರಬದ ಕಡೆ. ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋದರೆ ಮೆಕ್ಕೆಜೋಳ ಕಡಿಮೆಯಾಗುತ್ತ ಅಡಿಕೆ, ಅನಾನಸು ಹೆಚ್ಚಾಗುತ್ತವೆ. ಕಾಗೆಯೂ ಬೇರೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿರುವುದು ಬೂದುಕತ್ತಿನ ಊರಕಾಗೆ. ಮಂಡಕ್ಕಿ ಪೊಟ್ಟಣ ಬಿಚ್ಚುವ ಸದ್ದಿಗೇ ಹಾಜರು. ತೋಟದ ಮನೆಯಲ್ಲಿರುವುದು ಮೈಯೆಲ್ಲ ಕಪ್ಪಾದ, ದಪ್ಪ ಕೊಕ್ಕಿನ, ಗಡಸು ದನಿಯ ಕಾಡುಕಾಗೆ. ಅದಕ್ಕೆ ಸಲಿಗೆ ಕಡಿಮೆ, ಗತ್ತು ಜಾಸ್ತಿ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ದುರ್ಬೀನು ಹಿಡಿದು ಬರುವವರು ಬೆಳ್ಳಕ್ಕಿ, ಕೆಂಬರಲುಗಳನ್ನು ನೋಡುತ್ತಾರೆ. ಅವುಗಳ ಮೊಟ್ಟೆಯ ಮೇಲೆ ಕಣ್ಣಿಟ್ಟು ಪಕ್ಕದ ಕೊಂಬೆಯಲ್ಲೇ ಕೂತ ಕಾಗೆಯನ್ನು ಯಾರೂ ನೋಡುವುದಿಲ್ಲ. ಕಣ್ಣಿಟ್ಟು ನೋಡಿದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಜೀವನಪೂರ್ತಿ ರಾಜಕಾರಣಿಗಳ ಚಿತ್ರ ಬರೆದರು, ಬಿಡುವಾದಾಗ ಕಾಗೆಯ ಚಿತ್ರ ಬರೆದರು. ಬುದ್ಧಿಯಲ್ಲಿ ಯಾರು ಮೇಲೆಂದು ಅವರಿಗೆ ಸಂಶಯವಿರಲಿಲ್ಲ ಎಂದು ನನ್ನ ಊಹೆ.

ಸೊರಬದ ಸೋದರಮಾವನ ತಲೆಗೆ ಅಂಥದೊಂದು ಕಾಡುಕಾಗೆ ಒದ್ದದ್ದು ದೊಡ್ಡ ಕತೆ. ಕಾಗೆ ತಲೆ ಮುಟ್ಟಿದರೆ ಸಾವು ಸಮೀಪಿಸಿತು ಎಂಬುದು ನಂಬಿಕೆ. ಅದಕ್ಕೆ ಪರಿಹಾರವೂ ಉಂಟು: ನೆಂಟರಿಗೆ ಸತ್ತನೆಂದು ಸುಳ್ಳುಸುದ್ದಿ ಕಳಿಸಬೇಕು, ಅವರು ಅಳಬೇಕು, ಅತ್ತರೆ ಕಂಟಕ ಕಳೆಯಿತು. ಹಿಂದೆ ಇದಕ್ಕೆ ಟೆಲಿಗ್ರಾಂ ಇತ್ತು. ಮೊದಲನೆಯದು ಸತ್ತ ಸುದ್ದಿ, ಎರಡನೆಯದು ಬದುಕಿದ ಸುದ್ದಿ. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ತೀರಿಕೊಂಡಿತು. ಮಾವ ಕಾಗೆ ಹಾರಿಸುವ ಜಾಯಮಾನದವರಲ್ಲ, ಆದರೂ ಅತ್ತೆಯ ಒತ್ತಾಯಕ್ಕೆ ಮಗ ವಾಟ್ಸಾಪಿನಲ್ಲಿ ಒಬ್ಬರಿಗೆ, ಒಬ್ಬರಿಗಷ್ಟೇ, ಸುದ್ದಿ ಹಾಕಿದ.

ಕಾಫಿ ಆರುವುದರೊಳಗೆ ಮಾವನ ಫೋಟೋಗೆ ಹಾರ ಬಿದ್ದು, ಎರಡು ದೀಪ ಹತ್ತಿ, ಕೆಳಗೆ 'ಓಂ ಶಾಂತಿ' ಎಂದು ಬರೆದು, ಆನವಟ್ಟಿಯ ಗ್ರೂಪಿನಿಂದ ಅವರ ಫೋನಿಗೇ ಬಂತು. "ಫೋಟೋ ಚಲೋ ಆಗೈತೆ" ಎಂದರು ಮಾವ. ಸುಳ್ಳೆಂದು ಹಾಕಿದ ಎರಡನೆಯ ಸಂದೇಶವನ್ನು ಯಾರೂ ಓದಲಿಲ್ಲ. ಓದಿದವರು, ದುಃಖದಲ್ಲಿ ಹುಡುಗನಿಗೆ ಹೀಗಾಗಿದೆ ಎಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಜೀಪುಗಳು ಬಂದವು. ಹಾರ ಹಿಡಿದು ಇಳಿದವರಿಗೆ ಬಾಗಿಲಲ್ಲಿ ಕೈಕಾಲಿಗೆ ನೀರು ಕೊಟ್ಟವರು ಸ್ವತಃ ಮಾವ. ಬಂದವರಲ್ಲಿ ಒಬ್ಬ ಅವರ ಹತ್ತಿರ ಕೈಸಾಲ ಪಡೆದಿದ್ದ. ಬಾಡಿದ ಮುಖ ಹೊತ್ತು ಬಂದವನು, ಮಾವ ಬದುಕಿರುವುದನ್ನು ಕಂಡೊಡನೆ ಜಗಲಿಯ ಮೇಲೆ ಕುಸಿದು ಗಳಗಳನೆ ಅತ್ತ. ಪರಿಹಾರ ಫಲಿಸಿದ್ದು ಆ ಕಣ್ಣೀರಿನಿಂದಲೇ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಸಾಲ ಇನ್ನೂ ಬಂದಿಲ್ಲ.

ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಮಾಡಿ ಕಳಿಸಿದ ತಾಲ್ಲೂಕುಗಳು. ಆದರೆ ಕಾಗೆ ಆರಿಸಿದ್ದು ಮೈಸೂರಿನವರನ್ನು. 2016ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಕೂತು, ಓಡಿಸಿದರೂ ಏಳಲಿಲ್ಲ. ಟೀವಿಯಲ್ಲಿ ಜ್ಯೋತಿಷಿಗಳು ಎದ್ದರು. ಆಮೇಲೆ ಹೊಸ ಕಾರು ಬಂದದ್ದಕ್ಕೂ ಕಾಗೆಗೂ ಸಂಬಂಧವಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದರು. ಇದನ್ನೆಲ್ಲ ನೋಡಿದ ನಮ್ಮಜ್ಜಿಗೆ ಒಂದೇ ಅಸಮಾಧಾನ: "ಪಾಪ, ಏನೋ ಅರ್ಜಿ ಕೊಡೋಕೆ ಬಂದಿತ್ತು. ಒಬ್ಬರಾದ್ರೂ ಕೇಳಿದ್ರಾ?"

ಕಾಗೆಯ ಅರ್ಜಿ ಕೇಳದಿದ್ದರೂ ನಡೆದೀತು, ಹಗೆ ಕಟ್ಟಿಕೊಳ್ಳಬಾರದು. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿಜ್ಞಾನಿ 2006ರಲ್ಲಿ ಆದಿಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆ ಹಿಡಿದು ಬಿಟ್ಟರು. ಆಮೇಲೆ ಯಾರು ಆ ಮುಖವಾಡ ಹಾಕಿ ನಡೆದರೂ ಕಾಗೆಗಳು ವರ್ಷಗಟ್ಟಲೆ ಅಟ್ಟಿಸಿಕೊಂಡು ಬೈದವು, ಹಿಡಿಸಿಕೊಳ್ಳದ ಕಾಗೆಗಳೂ ಸೇರಿಕೊಂಡವು. ಹೋಲಿಕೆಗೆಂದು ತಂದಿದ್ದ ಅಂದಿನ ಉಪಾಧ್ಯಕ್ಷ ಡಿಕ್ ಚೇನಿಯ ಮುಖವಾಡವನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ನಮ್ಮ ಬೀದಿಯಲ್ಲಿ ಈ ಪ್ರಯೋಗ ಖರ್ಚಿಲ್ಲದೆ ನಡೆದಿದೆ. ಟ್ರಾನ್ಸ್‌ಫಾರ್ಮರಿನ ಮೇಲಿದ್ದ ತಂತಿಗೂಡನ್ನು ಕಿತ್ತ ಲೈನ್‌ಮ್ಯಾನ್ ಒಬ್ಬರು ಈಗ ಬೀದಿ ದಾಟುವಾಗಲೂ ಹೆಲ್ಮೆಟ್ ತೆಗೆಯುವುದಿಲ್ಲ. ದಂಡ ಹಾಕಿದರೂ ಬಗ್ಗದ ನಮ್ಮೂರಿನಲ್ಲಿ ಹೆಲ್ಮೆಟ್ ನಿಯಮ ಪಾಲಿಸುವ ಪಾದಚಾರಿ ಅವರೊಬ್ಬರೇ.

ಹೊರದೇಶದಲ್ಲಿ ಇದೇ ಊರಕಾಗೆಯ ಹೆಸರು ಕೆಟ್ಟಿದೆ. 1890ರ ದಶಕದಲ್ಲಿ ಕಸ ತಿನ್ನಲೆಂದು ಜಾಂಜಿಬಾರಿಗೆ ಒಯ್ದರಂತೆ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಸಂಸಾರ ಬೆಳೆಸಿ ಅಲ್ಲಿನ ಹಕ್ಕಿಗಳ ಮರಿಗಳಿಗೆ ಕಂಟಕವಾಯಿತು. 2024ರಲ್ಲಿ ಕೀನ್ಯಾ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಅಜ್ಜಿಗೆ ಓದಿ ಹೇಳಿದೆ. "ಅಷ್ಟೂ ಮಂದಿ ನಮ್ಮ ಕಡೆಯೋರಾ?" ಎಂದು ಕೇಳಿ ಸುಮ್ಮನಾದರು.

ನಮ್ಮಲ್ಲಿ ಕಾಲಚಕ್ರ ಬೇರೆ ದಿಕ್ಕಿಗೆ ತಿರುಗಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಊರಕಾಗೆ ಇಲಿ, ಹಣ್ಣುಬಾವಲಿಗಳ ಸಾಲಿನಲ್ಲಿ, ಯಾರು ಬೇಕಾದರೂ ಹೊಡೆಯಬಹುದಾದ ಉಪದ್ರವಿಯಾಗಿ ಐದನೇ ಪರಿಶಿಷ್ಟದಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಉಪದ್ರವಿಗಳ ಆ ಪಟ್ಟಿಯೇ ಹೋಯಿತು, ಕಾಗೆಗೆ ರಕ್ಷಣೆ ಬಂತು. ಹಿಡಿದು ಪಂಜರಕ್ಕೆ ಹಾಕಿದರೆ ಕೇಳಲು ಈಗ ಅರಣ್ಯ ಇಲಾಖೆಯೇ ಬರಬಹುದು. ಅವರ ಕಡೆಯವರು ಬಂದು ಕೇಳುತ್ತಾರೆ ಎಂದು ಅಜ್ಜಿ ಹೇಳಿದ್ದು ಬಹುಶಃ ಇವರನ್ನೇ.

ಆದ್ದರಿಂದ ಓದುಗರೇ, ಬೇಸಿಗೆಯ ಕೊನೆಗೆ ನಿಮ್ಮ ಹಿತ್ತಲಲ್ಲಿ ಕಾಗೆಮರಿ ಬಿದ್ದಿದ್ದರೆ ಮನೆಯೊಳಕ್ಕೆ ತರಬೇಡಿ. ಬಿದ್ದ ಮರಿಗೂ ತಂದೆತಾಯಿ ಗುಟುಕು ಕೊಡುತ್ತವೆ. ಬೆಕ್ಕು ನಾಯಿಗೆ ಎಟುಕದ ಕೊಂಬೆಯ ಮೇಲೆ, ಸಾಧ್ಯವಾದರೆ ಒಂದು ಬುಟ್ಟಿಯಲ್ಲಿ ಇಟ್ಟು ಬನ್ನಿ. ಇಡಲು ಹೋಗುವಾಗ ಮಾತ್ರ ಮರೆಯದೆ ಹೆಲ್ಮೆಟ್ ಹಾಕಿಕೊಳ್ಳಿ.