ಟೌನೋ ಸಿಟಿಯೋ

ಟೌನ್ ಯಾವುದು, ಸಿಟಿ ಯಾವುದು ಎಂಬ ವಿಷಯದಲ್ಲಿ ನಮ್ಮ ಸರ್ಕಾರಕ್ಕೆ ಗೊಂದಲವೇ ಇಲ್ಲ. ತಲೆ ಎಣಿಸುತ್ತದೆ, ಅಷ್ಟೆ. ಐವತ್ತು ಸಾವಿರ ದಾಟಿದರೆ ಪುರಸಭೆ ನಗರಸಭೆಯಾಗುತ್ತದೆ, ಮೂರು ಲಕ್ಷ ದಾಟಿದರೆ ಮಹಾನಗರ ಪಾಲಿಕೆ. 2011ರ ಜನಗಣತಿಯಲ್ಲಿ 3,22,650 ತಲೆ ತೋರಿಸಿದ ಶಿವಮೊಗ್ಗ ಪಾಲಿಕೆಯಾಯಿತು, ಆಮೇಲೆ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಆದರೆ ರೈಲಿನಲ್ಲಿ ಬಂದವರು ಈ ಸ್ಮಾರ್ಟ್ ಸಿಟಿಯಲ್ಲಿ ಇಳಿಯುವುದು 'ಶಿವಮೊಗ್ಗ ಟೌನ್' ನಿಲ್ದಾಣದಲ್ಲಿ! ಶಿಮೊಗ ಹೋಗಿ ಶಿವಮೊಗ್ಗವಾದದ್ದನ್ನು ಒಪ್ಪಿಕೊಂಡ ರೈಲ್ವೆ, ಟೌನನ್ನು ಮಾತ್ರ ಬಿಡಲೊಲ್ಲದು.

ನಮ್ಮ ಭದ್ರಾವತಿಯದು ಇನ್ನೂ ಮಜ. ಊರು ನಗರಸಭೆ, ಒಳಗೆಲ್ಲ ಬರೀ ಟೌನು. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಬೆನ್ನಿಗೆ ಬೆಳೆದ ನ್ಯೂಟೌನ್, ಮುಪ್ಪಾದರೂ ನ್ಯೂ. ಇಲ್ಲಿನ ಕಾಗದದ ಕಾರ್ಖಾನೆ ಎಂಪಿಎಂ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಪೇಪರ್‌ಟೌನಿನಲ್ಲಿ ಈಗ ಪೇಪರ್ ಎಂದರೆ ಬೆಳಿಗ್ಗೆ ಹುಡುಗ ಎಸೆದುಹೋಗುವುದು. ಮೂರನೆಯದು ಓಲ್ಡ್‌ಟೌನ್. ಮೂರಕ್ಕೂ ಒಂದೊಂದು ಪೊಲೀಸ್ ಠಾಣೆ ಇರುವುದರಿಂದ ಹೆಸರಿನ ತಂಟೆಗೆ ಯಾರೂ ಹೋಗುವುದಿಲ್ಲ. ತನ್ನಲ್ಲಿರುವ ಹೊಯ್ಸಳರ ಕಾಲದ ಗುಡಿಯ ಲಕ್ಷ್ಮೀನರಸಿಂಹಸ್ವಾಮಿಯ ಕೃಪೆಯೋ ಏನೋ, ಓಲ್ಡ್‌ಟೌನ್ ಕನ್ನಡದಲ್ಲಿ ಹಳೇನಗರ. ಸರ್ಕಾರಿ ಆದೇಶವಿಲ್ಲದೆ, ಬರೀ ಅನುವಾದದ ಬಲದಿಂದ ಟೌನಿಗೆ ಸಿಕ್ಕ ಬಡ್ತಿ!

ಇಂಗ್ಲಿಷಿನ ತವರಿನಲ್ಲೂ ಇದೇ ಪಾಡು. ಅಲ್ಲಿ ಸಿಟಿ ಎಂಬುದು ಅರಸರು ಕೊಡುವ ಬಿರುದು. ವೇಲ್ಸಿನ ಸೇಂಟ್ ಡೇವಿಡ್ಸ್‌ನಲ್ಲಿ ಎರಡು ಸಾವಿರ ಜನವೂ ಇಲ್ಲ, ಅದು ಸಿಟಿ. ಭದ್ರಾವತಿಗಿಂತ ದೊಡ್ಡದಾದ ರೆಡಿಂಗ್ ಅರ್ಜಿ ಹಾಕಿ ಹಾಕಿ ಸೋತು ಇನ್ನೂ ಟೌನಾಗಿಯೇ ಇದೆ. ಅಲ್ಲಿ ಯಾರ ಶಿಫಾರಸು ನಡೆಯುತ್ತದೋ!

ನಮ್ಮ ಹಳ್ಳಿ ಕಡೆಯವರು ಈ ರಗಳೆಯನ್ನೇ ಇಟ್ಟುಕೊಂಡಿಲ್ಲ. ಭದ್ರಾವತಿಗೆ ಹೊರಟರೂ 'ಪ್ಯಾಟಿಗ್ ಹೋಗ್ಬತ್ತೀನಿ', ಶಿವಮೊಗ್ಗಕ್ಕೆ ಹೊರಟರೂ ಅದೇ ಮಾತು. ಸಂತೆ, ಆಸ್ಪತ್ರೆ, ಟಾಕೀಸು ಇದ್ದರೆ ಪೇಟೆ. ನನಗೂ ಈ ವ್ಯಾಖ್ಯಾನವೇ ಸರಿಯೆನಿಸುತ್ತದೆ. ಇದಕ್ಕೆ ಜನಗಣತಿಯೂ ಬೇಡ, ರಾಜನೂ ಬೇಡ.

ತಲೆ ಎಣಿಸುವ ಆಟದಲ್ಲಂತೂ ಭದ್ರಾವತಿ ಗೆಲ್ಲುವ ಹಾಗೆ ಕಾಣುವುದಿಲ್ಲ. 2001ರಲ್ಲಿ 1,60,662 ಇದ್ದ ಜನ 2011ಕ್ಕೆ 1,51,102ಕ್ಕೆ ಇಳಿದರು. ಕೆಲಸ ಹುಡುಕಿಕೊಂಡು ಹೋದವರು ತಲೆಯನ್ನೂ ಜೊತೆಗೇ ಒಯ್ಯುತ್ತಾರಲ್ಲ. ಅಧಿಕಾರದಲ್ಲಿರುವವರು ನಮ್ಮೂರನ್ನು ಟೌನ್ ಎನ್ನಲಿ, ಸಿಟಿ ಎನ್ನಲಿ, ತಕರಾರಿಲ್ಲ. ಮೊದಲು ಕಬ್ಬಿಣದ್ದು, ಕಾಗದದ್ದು, ಆ ಎರಡು ಕಾರ್ಖಾನೆಗಳಿಗೆ ಒಂದು ದಾರಿ ಮಾಡಲಿ.