ಎರಕದ ರಾಯರು

ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಮಿಕ್ಸಿ ನಾಬನ್ನು, ಅದರ ಹತ್ತರಷ್ಟು ಬೆಲೆಯ ರೆಸಿನ್ ಸುರಿದು ಮನೆಯಲ್ಲೇ ಮಾಡಿಕೊಳ್ಳುವ ಒಂದು ಬಗೆಯ ಜನರಿದ್ದಾರೆ. ನಮ್ಮ ಕಟ್ಟಡದ ಪಾಲಿಗೆ ಬಂದವರು ಮೇಲ್ಮನೆಯ ರಾಯರು. ಏನು ಮುರಿದರೂ ಅವರದು ಒಂದೇ ಮಾತು: "ಕೊಳ್ಳೋದ್ಯಾಕ್ರೀ, ಎರಕ ಹೊಯ್ದುಬಿಡೋಣ."

ಅಚ್ಚಿಗೆ ಪ್ಲಾಟಿನಂ ಸಿಲಿಕೋನ್ ಕಲಸುವ ದಿನ ಅವರನ್ನು ಮುಟ್ಟುವಂತಿಲ್ಲ. ಗಂಧಕದ ಸೋಂಕು ತಗುಲಿದರೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಹಾಗಾಗಿ ಲೇಟೆಕ್ಸ್ ಗ್ಲೌಸು ದೂರ, ಗಂಧಕ ಬೆರೆತ ಜೇಡಿ ದೂರ, ಎದುರಿಗೆ ಬಂದ ನಾನೂ ದೂರ. ನಮ್ಮಜ್ಜಿಯ ಮಡಿ ಇದರ ಮುಂದೆ ಏನೂ ಅಲ್ಲ. ಒಮ್ಮೆ ಕಪ್ಪಿನಲ್ಲಿ ಉಳಿದ ಎಪಾಕ್ಸಿ ತನ್ನ ಕಾವಿಗೆ ತಾನೇ ಹೊಗೆಯಾಡಿ, ವಾಚ್‌ಮನ್ ಬಕೆಟ್ ನೀರು ಹೊತ್ತು ಓಡಿಬಂದಿದ್ದ.

ರಾಯರ ಪರಮಶತ್ರು ಗುಳ್ಳೆ. ಅದನ್ನು ಎಳೆದುಹಾಕಲು ಎಸ್.ಪಿ. ರೋಡಿನಿಂದ ವ್ಯಾಕ್ಯೂಮ್ ಪಂಪ್ ತಂದರು. ಸಿಲಿಕೋನ್ ಡಬ್ಬಿಯ ಮೇಲೆ 29 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಬೇಕು ಅಂತ ಬರೆದಿತ್ತು. ಪಂಪಿನ ಮೀಟರಿನ ಮುಳ್ಳು ಮಾತ್ರ 26 ದಾಟಿ ಅಲ್ಲೇ ಕೂತಿತು. ಸೋರಿಕೆ ಹುಡುಕಲು ಸಂದುಸಂದಿಗೆ ಸೋಪಿನ ನೀರು ಹಚ್ಚಿದ್ದಾಯಿತು, ವಾಷರ್ ಬದಲಿಸಿದ್ದಾಯಿತು. ಸರಿರಾತ್ರಿಯವರೆಗೆ ಮುಚ್ಚಳ ಅದುಮಿ ಹಿಡಿಯುವ ಕೆಲಸ ನನ್ನದು. ಬಿ.ಎ. ಓದಿದವನಿಗೆ ಅಷ್ಟಾದರೂ ಬರುತ್ತದಲ್ಲ! ಕೊನೆಗೆ ರಾಯರು ಪಂಪನ್ನು ಹೊತ್ತುಕೊಂಡು ಹೋಗಿ ಅಂಗಡಿಯವನ ಮೇಲೆ ಹರಿಹಾಯ್ದರು. ಸ್ಕ್ರೂ ಪೊಟ್ಟಣ ಕಟ್ಟುತ್ತಿದ್ದ ಹುಡುಗ ತಲೆಯೆತ್ತದೆ ಹೇಳಿದ: "ಸಾರ್, ಬೆಂಗಳೂರು ಸಮುದ್ರಕ್ಕಿಂತ 3000 ಅಡಿ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ 27 ಇಂಚು ಮುಟ್ಟಲ್ಲ. ಇಲ್ಲದ್ದನ್ನ ಪಂಪ್ ಎಲ್ಲಿಂದ ಎಳೀಬೇಕು? 29 ಬೇಕು ಅಂದ್ರೆ ಮಂಗಳೂರಿಗೆ ಹೋಗಿ." ದಾರಿಯುದ್ದಕ್ಕೂ ರಾಯರು ಮಾತಾಡಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಕೇಳಿದರು, "ಮಂಗಳೂರಿಗೆ ರಾತ್ರಿ ಬಸ್ಸು ಎಷ್ಟು ಗಂಟೆಗೆ?"

ನಮ್ಮ ಮಿಕ್ಸಿ ನಾಬಿನ ಕಥೆಯನ್ನೂ ಹೇಳಿಬಿಡುತ್ತೇನೆ. ಜುಲೈ ಮಳೆಯಲ್ಲಿ ಪಾಲಿಯುರೆಥೇನ್ ಕಲಸಿದರು. ಆ ರೆಸಿನ್‌ಗೂ ತೇವಕ್ಕೂ ಆಗಿಬರುವುದಿಲ್ಲ. ಇವೆರಡು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆಯೇಳುತ್ತದೆ. ಒಳಗೆಲ್ಲ ಟೊಳ್ಳಾಗಿದ್ದ ನಾಬು ಮೊದಲ ಚಟ್ನಿಗೇ ನನ್ನ ಹೆಂಡತಿಯ ಕೈಗೆ ಬಂತು. ಅವಳು ರಾಯರಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದು ಆಗಲೇ.

ಆ ಕಾಫಿ ಮತ್ತೆ ಶುರುವಾದದ್ದು ರೇಡಿಯೊ ವಿಷಯದಲ್ಲಿ. ಅಪ್ಪನ ಕಾಲದ ವಾಲ್ವ್ ರೇಡಿಯೊದ ನಾಬು ಎರಡು ಹೋಳಾಗಿತ್ತು. ಈಗ ಯಾರೂ ಅದನ್ನು ಮಾಡುವುದಿಲ್ಲ. ರಾಯರು ಹೋಳುಗಳನ್ನು ಕೂಡಿಸಿ ಅಚ್ಚು ತೆಗೆದರು. ಸಿಲಿಕೋನ್ ಬೆರಳಚ್ಚನ್ನೂ ಬಿಡದೆ ಹಿಡಿಯುತ್ತದೆ. "ಇಲ್ಲೊಂದು ಕಡೆ ಅಂಚು ಸವೆದಿದೆ, ತುಂಬಿ ಸರಿಮಾಡಲೇ?" ಅಂದರು. ದಿನಾ ಸಂಜೆ ವಾರ್ತೆಗೆ ಅಪ್ಪನ ಹೆಬ್ಬೆರಳು ಕೂರುತ್ತಿದ್ದ ಜಾಗ ಅದು. ಬೇಡ ಅಂದೆ. ಯಾಕೆಂದು ಅವರು ಕೇಳಲಿಲ್ಲ. ಹೊಸ ನಾಬಿನಲ್ಲೂ ಆ ಸವೆತ ಹಾಗೇ ಇದೆ, ಪಕ್ಕದಲ್ಲೇ ಸಾಸಿವೆಯಷ್ಟು ಒಂದು ಗುಳ್ಳೆ. ಆ ಗುಳ್ಳೆಗಾಗಿ ಮನುಷ್ಯ ಇವತ್ತಿಗೂ ಪೇಚಾಡುತ್ತಾರೆ.

ನಿಮ್ಮಲ್ಲೂ ಹಳೆಯ ಸಾಮಾನಿನ ಭಾಗವೇನಾದರೂ ಮುರಿದಿದ್ದರೆ ಚೂರುಗಳನ್ನು ಎಸೆಯಬೇಡಿ, ಅವಿಲ್ಲದೆ ಅಚ್ಚಾಗುವುದಿಲ್ಲ. ಮಳೆಗಾಲ ಕಳೆದ ಮೇಲೆ ರಾಯರ ಹತ್ತಿರ ತನ್ನಿ. ಮಿಕ್ಸಿಯ ನಾಬಾದರೆ ಮಾತ್ರ ದಯವಿಟ್ಟು ಅಂಗಡಿಗೇ ಹೋಗಿ.